ಕರಿಯ ನದಿಯ ಎರಡು ದಂಡೆಗಳು

ಬ್ರೆಜಿಲ್ ದೇಶದ ನಡುಗಾಡಿನಲ್ಲಿ, ಅಮೆಜಾನ್ ಮಹಾನದಿಗೆ ಅದರ ಉಪನದಿಯಾದ ರಿಯೋ ನೆಗ್ರೋ ಬಂದು ಸೇರುವೆಡೆಯಲ್ಲಿ ಮನೌಸ್ ಎಂಬ ನಗರವಿದೆ. ಅಲ್ಲಿಂದ ಹೊರಡುವ ಸಣ್ಣ ಹಡಗೊಂದರಲ್ಲಿ ಕೆಲವು ದಿನ ಸಂಚರಿಸುವ ಅವಕಾಶ ನನಗೊಮ್ಮೆ ಒದಗಿತ್ತು. ರಿಯೋ ನೆಗ್ರೋ ಎಂದರೆ ಕರಿಯ ನದಿ. ಹೆಸರು ಅನ್ವರ್ಥವಾದುದು. ಕೊಳೆತ ಎಲೆಗಳ ಸಾರವನ್ನು ಹೀರಿಕೊಂಡ ಅದರ ನೀರು ಬೊಗಸೆಯಲ್ಲಿ ಹಾಲು ಬೆರೆಸದ ಚಹದಂತೆ ಕಾಣುತ್ತದೆ. ಹಡಗಿನ ಮೇಲಿನಿಂದ ನೋಡಿದರೆ ಕಾಡಿಗೆಯಂತೆ. ಕಾವೇರಿ, ತುಂಗಭದ್ರೆಗಳನ್ನು ನೋಡಿ ಬೆಳೆದ ಕಣ್ಣಿಗೆ ಅದು ನದಿಯೆಂದು ತೋರುವುದಿಲ್ಲ. ಒಂದು ದಂಡೆಯಲ್ಲಿ ನಿಂತರೆ ಇನ್ನೊಂದು ದಂಡೆ ಬರಿಯ ಹಸಿರು ಗೆರೆ. ಕೆಲವೆಡೆ ಆ ಗೆರೆಯೂ ಇಲ್ಲ.

ಹಡಗಿನಲ್ಲಿದ್ದ ಹತ್ತು ಹನ್ನೆರಡು ಮಂದಿಯೂ ಕಾಡುಪ್ರಾಣಿಗಳನ್ನು ನೋಡಬೇಕೆಂದೇ ಬಂದವರು. ಆದರೆ ಅಂತಹ ಕಾಡು ತನ್ನ ಪ್ರಾಣಿಗಳನ್ನು ಸುಲಭವಾಗಿ ತೋರುವುದಿಲ್ಲ. ಜೀವವೆಲ್ಲ ಮರದ ತುದಿಯಲ್ಲಿ, ಎಲೆಗಳ ಮರೆಯಲ್ಲಿ. ಮೂರು ದಿನಗಳಲ್ಲಿ ನಾವು ಕಂಡದ್ದು ನೀರಿನಿಂದ ಬೆನ್ನೆತ್ತಿ ಮುಳುಗುವ ಗುಲಾಬಿ ಬಣ್ಣದ ಡಾಲ್ಫಿನ್ನುಗಳು, ಕೊಂಬೆಗೆ ಜೋತುಬಿದ್ದ ಒಂದು ಸ್ಲಾತ್, ರಾತ್ರಿ ದೀಪ ಬಿಟ್ಟಾಗ ಕೆಂಡದಂತೆ ಹೊಳೆದ ಮೊಸಳೆಗಳ ಕಣ್ಣು, ಇಷ್ಟೆ. ನಾನು ಓದಿ ತಿಳಿದಿದ್ದ ಒಂದು ಪುಟ್ಟ ಕೋತಿಯನ್ನು ಕಾಣುವ ಆಸೆಯಿಂದ ನಮ್ಮ ಮಾರ್ಗದರ್ಶಕನನ್ನು ಕೇಳಿದೆ. ಆತ ಆ ಸೀಮೆಯಲ್ಲಿಯೇ ಹುಟ್ಟಿ ಬೆಳೆದವನು. ನಾವು ಆಗ ನದಿಯ ಬಲದಂಡೆಯಲ್ಲಿರುವುದಾಗಿಯೂ, ಆ ಕೋತಿ ಎಡದಂಡೆಯದೆಂದೂ, ಈಚೆಯ ದಡದಲ್ಲಿ ಜನ್ಮವಿಡೀ ಕಾದರೂ ಅದು ಸಿಕ್ಕದೆಂದೂ ನಗುತ್ತ ಹೇಳಿದ. ಆ ಮಾತನ್ನು ಕೇಳಿದಾಗ ನನಗೆ ನೆನಪಾದವನು ಆಲ್ಫ್ರೆಡ್ ರಸೆಲ್ ವಾಲೇಸ್. ಅದೇ ನೀರಿನ ಮೇಲೆ, ಅದೇ ವಿಷಯವನ್ನು ಅಲ್ಲಿಯ ಬೇಟೆಗಾರರಿಂದಲೇ ತಿಳಿದು, ಅದರ ಮಹತ್ತ್ವವನ್ನು ಕಂಡುಕೊಂಡವನು ಅವನು.

ವಾಲೇಸ್ 1823ನೆಯ ಜನವರಿ 8ರಂದು ವೇಲ್ಸ್ ಪ್ರಾಂತದ ಅಸ್ಕ್ ಎಂಬ ಊರಿನ ಬಳಿ ಹುಟ್ಟಿದನು. ಮನೆಯ ಸ್ಥಿತಿ ಕ್ರಮೇಣ ಇಳಿಯುತ್ತ ಬಂದುದರಿಂದ ಹದಿನಾಲ್ಕರ ವಯಸ್ಸಿಗೇ ಶಾಲೆಯನ್ನು ಬಿಡಬೇಕಾಯಿತು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಹತ್ತುವ ಭಾಗ್ಯ ಅವನಿಗಿರಲಿಲ್ಲ. ಅಣ್ಣ ವಿಲಿಯಮ್ಮನ ಜೊತೆ ಹೊಲಗದ್ದೆಗಳನ್ನು ಅಳೆಯುವ ಮೋಜಣಿಯ ಕೆಲಸ ಕಲಿತನು. ದಿನವೆಲ್ಲ ಬಯಲಿನಲ್ಲಿ ಅಲೆಯುವ ಆ ವೃತ್ತಿಯಲ್ಲಿ ಗಿಡಮೂಲಿಕೆಗಳ ಪರಿಚಯವಾಯಿತು. ಮುಂದೆ ಲೆಸ್ಟರ್ ನಗರದಲ್ಲಿ ಉಪಾಧ್ಯಾಯನಾಗಿದ್ದಾಗ ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ತರುಣನ ಸ್ನೇಹವಾಯಿತು. ಬೇಟ್ಸನಿಗೆ ಜೀರುಂಡೆಗಳ ಹುಚ್ಚು. ಆ ಹುಚ್ಚು ಗೆಳೆಯನಿಗೂ ಹಿಡಿಯಿತು. ಆದರೆ ವಾಲೇಸನಿಗೆ ಸಂಗ್ರಹವೊಂದೇ ಸಾಕಾಗಲಿಲ್ಲ. ಇಷ್ಟು ಬಗೆಯ ಜೀವಿಗಳು ಹೇಗೆ ಉಂಟಾದವು ಎಂಬ ಪ್ರಶ್ನೆ ಅವನನ್ನು ಕಾಡತೊಡಗಿತು. ಅಮೆಜಾನ್ ನದಿಯ ಮೇಲೆ ಸಂಚರಿಸಿದ ಅಮೆರಿಕನ್ ಪ್ರವಾಸಿಯೊಬ್ಬನ ಪುಸ್ತಕ 1847ರಲ್ಲಿ ಪ್ರಕಟವಾಯಿತು. ಗೆಳೆಯರಿಬ್ಬರೂ ಅದನ್ನು ಓದಿ ಅಲ್ಲಿಗೇ ಹೋಗುವುದೆಂದು ನಿಶ್ಚಯಿಸಿದರು. ಕೈಯಲ್ಲಿ ಹಣವಿರಲಿಲ್ಲ. ಹಕ್ಕಿ, ಚಿಟ್ಟೆ, ಜೀರುಂಡೆಗಳನ್ನು ಹಿಡಿದು ಲಂಡನ್ನಿನ ಏಜೆಂಟನಿಗೆ ಕಳುಹಿಸುವುದು, ಅವನು ಮಾರಿ ಕೊಟ್ಟ ಹಣದಲ್ಲಿ ಜೀವಿಸುವುದು, ಇದೇ ಅವರ ಏರ್ಪಾಡು.

1848ನೆಯ ಏಪ್ರಿಲಿನಲ್ಲಿ ಲಿವರ್‌ಪೂಲ್ ಬಿಟ್ಟು ಮೇ ತಿಂಗಳ ಕೊನೆಯಲ್ಲಿ ನದೀಮುಖದ ಪಾರಾ ಪಟ್ಟಣವನ್ನು ಸೇರಿದರು. ಇಂದು ಆ ಪಟ್ಟಣಕ್ಕೆ ಬೆಲೆಂ ಎಂದು ಹೆಸರು. ಅಮೆಜಾನಿನ ಮೇಲೆ ಉಗಿಹಡಗುಗಳ ಕ್ರಮವಾದ ಸಂಚಾರ ಆರಂಭವಾದುದು 1853ರಲ್ಲಿ. ಆದ್ದರಿಂದ ವಾಲೇಸನ ಯಾತ್ರೆಯೆಲ್ಲ ಹಾಯಿ ಮತ್ತು ಹುಟ್ಟುಗಳ ಬಲದಿಂದಲೇ ಸಾಗಬೇಕಾಯಿತು. ಮೂಡಣ ಗಾಳಿ ಬೀಸಿದರೆ ಹಾಯಿ. ಗಾಳಿ ನಿಂತರೆ ಪ್ರವಾಹದ ವಿರುದ್ಧ ಹುಟ್ಟು. ಹುಟ್ಟು ಹಾಕಲು ಅಲ್ಲಿಯ ಮೂಲನಿವಾಸಿಗಳೇ ಆಗಬೇಕು. ಅವರು ದೊರೆಯದಿದ್ದರೆ ವಾರಗಟ್ಟಲೆ ಒಂದೇ ಹಳ್ಳಿಯಲ್ಲಿ ಕಾಯಬೇಕು. ನಾವು ಹಡಗಿನ ನೆರಳಿನಲ್ಲಿ ಕುಳಿತು ಒಂದು ಹಗಲಿನಲ್ಲಿ ದಾಟಿದ ದೂರಕ್ಕೆ ಅವನಿಗೆ ಎಷ್ಟೋ ದಿನಗಳು ಹಿಡಿದಿರಬೇಕೆಂದು ಯೋಚಿಸಿದಾಗ ನನಗೆ ನಮ್ಮ ನಿರಾಸೆಯ ಬಗ್ಗೆ ನಾಚಿಕೆಯಾಯಿತು.

ಇಂದಿನ ಮನೌಸಿಗೆ ಆಗ ಬಾರ್ರ ಎಂದು ಹೆಸರು. 1850ರಲ್ಲಿ ಅಲ್ಲಿ ಗೆಳೆಯರಿಬ್ಬರೂ ಕಾರ್ಯಕ್ಷೇತ್ರವನ್ನು ಹಂಚಿಕೊಂಡರು. ಬೇಟ್ಸ್ ಅಮೆಜಾನಿನ ಮೇಲ್ಭಾಗಕ್ಕೆ ಹೊರಟನು. ವಾಲೇಸ್ ಕರಿಯ ನದಿಯನ್ನು ಹಿಡಿದನು. ತಲೆಯ ಮೇಲೆ ಕೊಡೆ ಬಿಡಿಸಿದಂತೆ ಗರಿಗಳುಳ್ಳ ಕೊಡೆಹಕ್ಕಿಯನ್ನು ನದಿಯ ದ್ವೀಪಗಳಲ್ಲಿ ಹುಡುಕಿದನು. ನದಿಯ ಮೂಲದ ಕಡೆಗೆ ಹೋಗಿ, 1851ರಲ್ಲಿ ವೆನಿಜುವೆಲಾ ದೇಶದ ಗಡಿಯನ್ನು ದಾಟಿ, ಓರಿನೋಕೋ ನದಿಗೆ ನೀರುಣಿಸುವ ನಾಡನ್ನು ಮುಟ್ಟಿದನು. ಆಮೇಲೆ ಉವಾಪೆಸ್ ಎಂಬ ಉಪನದಿಯಲ್ಲಿ ಜಲಪಾತಗಳ ಮೇಲೆ ಜಲಪಾತಗಳನ್ನು ಏರಿದನು. ಎಳೆತನದಲ್ಲಿ ಕಲಿತ ಮೋಜಣಿಯ ವಿದ್ಯೆ ಅಲ್ಲಿ ಕೈಹಿಡಿಯಿತು; ದಿಕ್ಸೂಚಿಯೊಂದನ್ನು ಹಿಡಿದು ಹೋದಷ್ಟು ದೂರವೂ ನದಿಯ ನಕ್ಷೆಯನ್ನು ಬರೆದನು. ಹಿಡಿದ ಮೀನುಗಳನ್ನು ಕೆಡುವ ಮೊದಲೇ ಪೆನ್ಸಿಲಿನಿಂದ ಚಿತ್ರಿಸಿದನು.

ಇದಕ್ಕೆ ಅವನು ತೆತ್ತ ಬೆಲೆ ಅಲ್ಪವಲ್ಲ. 1849ರಲ್ಲಿ ಅವನ ಕಿರಿಯ ತಮ್ಮ ಹರ್ಬರ್ಟ್ ನೆರವಿಗೆಂದು ಬಂದು ಸೇರಿದ್ದನು. ಆ ಹುಡುಗನಿಗೆ ಈ ಕೆಲಸ ಒಗ್ಗಲಿಲ್ಲ. ಊರಿಗೆ ಮರಳಲೆಂದು ಪಾರಾ ಪಟ್ಟಣಕ್ಕೆ ಇಳಿದವನಿಗೆ ಹಳದಿ ಜ್ವರ ತಗಲಿತು. ಬೇಟ್ಸ್ ಅಲ್ಲಿದ್ದು ಶುಶ್ರೂಷೆ ಮಾಡಿದರೂ, 1851ರ ಜೂನಿನಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹರ್ಬರ್ಟ್ ತೀರಿಕೊಂಡನು. ಅಣ್ಣನಾದರೋ ಸಾವಿರಾರು ಮೈಲಿ ಮೇಲೆ, ಕಾಡಿನ ಒಡಲಿನಲ್ಲಿದ್ದನು. ತಮ್ಮನಿಗೆ ಕಾಯಿಲೆಯೆಂಬ ಸುದ್ದಿ ಅವನನ್ನು ಮುಟ್ಟಲು ತಿಂಗಳುಗಳೇ ಹಿಡಿದವು; ಸಾವಿನ ಸುದ್ದಿ ಇನ್ನೂ ತಡವಾಗಿ ಬಂದಿತು. ಅಷ್ಟರಲ್ಲಿ ಅವನೇ ಜ್ವರದಿಂದ ಮಲಗಿ, ಮಾತಾಡುವ ತ್ರಾಣವೂ ಇಲ್ಲದೆ, ಬದುಕಿ ಉಳಿದುದೇ ಹೆಚ್ಚೆನ್ನುವಂತಾಗಿತ್ತು.

1852ರಲ್ಲಿ ವಾಲೇಸ್ ಸ್ವದೇಶಕ್ಕೆ ಹೊರಟನು. ಹಿಂದೆ ಬಾರ್ರದಲ್ಲಿ ಬಿಟ್ಟುಹೋಗಿದ್ದ ಪೆಟ್ಟಿಗೆಗಳು ಎಂದೋ ಲಂಡನ್ ಸೇರಿರಬೇಕೆಂದು ಅವನು ನಂಬಿದ್ದನು. ಬಂದು ನೋಡಿದರೆ ಅವು ಸುಂಕದವರ ತಡೆಯಿಂದಾಗಿ ಅಲ್ಲಿಯೇ ಬಿದ್ದಿದ್ದವು. ಹೀಗೆ ಎರಡು ವರ್ಷಕ್ಕೂ ಹೆಚ್ಚಿನ ದುಡಿಮೆಯ ಬಹುಭಾಗ ಒಂದೇ ಹಡಗನ್ನು ಏರಿತು. ಜೊತೆಗೆ ಜೀವಂತ ಗಿಳಿಗಳು, ಕೋತಿಗಳು. ಹೆಲೆನ್ ಎಂಬ ಆ ಹಡಗು ಜುಲೈ 12ರಂದು ಪಾರಾ ಬಿಟ್ಟಿತು. ಆಗಸ್ಟ್ 6ರಂದು, ನಡುಸಮುದ್ರದಲ್ಲಿ, ಸರಕಿಗೆ ಬೆಂಕಿ ಹತ್ತಿತು. ವಾಲೇಸನಿಗೆ ಕೈಗೆ ಸಿಕ್ಕಿದ ಒಂದು ತಗಡಿನ ಪೆಟ್ಟಿಗೆಯಲ್ಲಿ ಮೀನು ಮತ್ತು ತಾಳೆಜಾತಿಯ ಮರಗಳ ಚಿತ್ರಗಳನ್ನೂ ಕೆಲವು ಟಿಪ್ಪಣಿಗಳನ್ನೂ ತುಂಬಿಕೊಳ್ಳಲು ಮಾತ್ರ ಸಮಯವಿತ್ತು. ದೋಣಿಯಲ್ಲಿ ಕುಳಿತು ನೋಡುತ್ತಿದ್ದಂತೆ, ಅವನು ಸಾಕಿ ತಂದ ಪ್ರಾಣಿಗಳು ಹಡಗಿನ ಮೂತಿಗೆ ಓಡಿಬಂದು ಗುಂಪುಗೂಡಿದವು. ಕೆಲವು ದಿಕ್ಕುತೋಚದೆ ಬೆಂಕಿಗೇ ಮರಳಿದವು. ಹಗ್ಗಕ್ಕೆ ಜೋತುಬಿದ್ದ ಒಂದು ಗಿಳಿ, ಹಗ್ಗ ಉರಿದಾಗ ನೀರಿಗೆ ಬಿದ್ದಿತು, ಅದೊಂದೇ ಉಳಿದದ್ದು. ಹತ್ತು ದಿನ ತೆರೆದ ದೋಣಿಯಲ್ಲಿ ಬಿಸಿಲು ಬಾಯಾರಿಕೆಗಳನ್ನು ಸಹಿಸಿದ ಮೇಲೆ ಲಂಡನ್ನಿಗೆ ಹೋಗುತ್ತಿದ್ದ ಬೇರೊಂದು ಹಡಗು ಅವರನ್ನು ಎತ್ತಿಕೊಂಡಿತು. ಅಕ್ಟೋಬರ್ 1ರಂದು ವಾಲೇಸ್ ಇಂಗ್ಲೆಂಡಿನ ನೆಲದ ಮೇಲೆ ಬರಿಗೈಯಲ್ಲಿ ಇಳಿದನು. ಏಜೆಂಟನು ದೂರದೃಷ್ಟಿಯಿಂದ ಸರಕಿಗೆ ವಿಮೆ ಮಾಡಿಸಿದ್ದುದರಿಂದ ಹೊಟ್ಟೆಬಟ್ಟೆಗೆ ತೊಂದರೆಯಾಗಲಿಲ್ಲ, ಅಷ್ಟೆ.

ತಮ್ಮನ ಸಾವು, ತನ್ನ ಕಾಯಿಲೆ, ಕೊನೆಗೆ ಈ ಬೂದಿ. ನಾಲ್ಕು ವರ್ಷಗಳ ನದೀಯಾತ್ರೆಯ ಫಲವೇನು ಎಂದು ಯಾರಾದರೂ ಕೇಳಿದ್ದರೆ ಆತ ಏನನ್ನು ತೋರಿಸಬಹುದಾಗಿತ್ತು? ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದೆ ಅವನು ಅಮೆಜಾನಿನ ಕೋತಿಗಳನ್ನು ಕುರಿತು ಒಂದು ಪ್ರಬಂಧವನ್ನು ಓದಿದನು. ಆ ಕಾಲದ ವಸ್ತುಸಂಗ್ರಹಾಲಯಗಳಲ್ಲಿ ಒಂದು ಪ್ರಾಣಿಯ ಚೀಟಿಯ ಮೇಲೆ ಅಮೆಜಾನ್ ಎಂದೋ ಬ್ರೆಜಿಲ್ ಎಂದೋ ಬರೆದಿದ್ದರೆ ಸಾಕಾಗಿತ್ತು. ಅದು ಸಾಲದು, ನದಿಯ ಯಾವ ದಂಡೆ ಎಂಬುದನ್ನು ಬರೆಯಬೇಕು ಎಂಬುದೇ ಅವನ ವಾದ. ಅಮೆಜಾನ್, ರಿಯೋ ನೆಗ್ರೋ, ಮಡೀರ ಎಂಬ ಮೂರು ಮಹಾನದಿಗಳು ಎಷ್ಟೋ ಜಾತಿಯ ಕೋತಿಗಳಿಗೆ ದಾಟಲಾರದ ಗಡಿಗಳಾಗಿವೆ. ಮೂಲದ ಕಡೆ ನದಿ ಕಿರಿದಾದಂತೆ ಆ ಗಡಿಯೂ ಅಳಿಯುತ್ತದೆ. ಅಲ್ಲಿಯ ಬೇಟೆಗಾರರು ಇದನ್ನು ಚೆನ್ನಾಗಿ ಬಲ್ಲರೆಂದೂ, ಇಂಥ ಪ್ರಾಣಿ ಬೇಕೆಂದರೆ ನದಿಯನ್ನು ದಾಟಿಯೇ ಹೋಗುತ್ತಾರೆಂದೂ ಅವನು ಸಂಕೋಚವಿಲ್ಲದೆ ಒಪ್ಪಿಕೊಂಡನು. ಅವರ ದಿನಬಳಕೆಯ ತಿಳಿವಿನಲ್ಲಿ ಅವನು ಒಂದು ದೊಡ್ಡ ಪ್ರಶ್ನೆಯನ್ನು ಕಂಡನು. ಎರಡೂ ದಂಡೆಗಳಲ್ಲಿ ಅದೇ ಮಳೆ, ಅದೇ ಬಿಸಿಲು, ಅದೇ ಕಾಡು. ಆದರೂ ಜೀವಿಗಳೇಕೆ ಬೇರೆ? ಪ್ರತಿಯೊಂದು ಜೀವಿಯೂ ಅದರ ನೆಲೆಗೆ ತಕ್ಕಂತೆ ನಿರ್ಮಿತವಾಗಿದೆ ಎಂಬ ಹಳೆಯ ಉತ್ತರ ಇಲ್ಲಿ ನಿಲ್ಲುವುದಿಲ್ಲ.

ಆ ಪ್ರಶ್ನೆ ಬೆಂಕಿಗೆ ಸಿಕ್ಕುವಂಥದಲ್ಲ. ಇನ್ನೆಂದೂ ಸಮುದ್ರವನ್ನು ನಂಬುವುದಿಲ್ಲವೆಂದು ನಿಶ್ಚಯಿಸಿದ್ದವನು 1854ರಲ್ಲಿ ಮತ್ತೆ ಹಡಗು ಹತ್ತಿ ಸಿಂಗಪುರಕ್ಕೆ ಹೊರಟನು. ಮಲಯ ದ್ವೀಪಸ್ತೋಮದಲ್ಲಿ ಎಂಟು ವರ್ಷ ಅಲೆದು 1,25,660 ಮಾದರಿಗಳನ್ನು ಕೂಡಿಹಾಕಿದನು. ಈ ಸಲ ಎಲ್ಲಿಯದೆಂಬುದನ್ನು ಗುರುತಿಸುವುದರಲ್ಲಿ ಎಚ್ಚರ ತಪ್ಪಲಿಲ್ಲ. ಬಾಲಿ ಮತ್ತು ಲೊಂಬೋಕ್ ದ್ವೀಪಗಳ ನಡುವಿನ ಕಿರಿದಾದ ಜಲಸಂಧಿಯಲ್ಲಿ ಏಷ್ಯದ ಪ್ರಾಣಿಗಳು ಮುಗಿದು ಆಸ್ಟ್ರೇಲಿಯದ ಬಗೆಯವು ಮೊದಲಾಗುವುದನ್ನು ಕಂಡನು. ಇಂದಿಗೂ ಭೂಪಟದಲ್ಲಿ ಆ ಗೆರೆಗೆ ಅವನದೇ ಹೆಸರು. 1858ರಲ್ಲಿ ಜ್ವರದ ಹಾಸಿಗೆಯಲ್ಲಿ ಅವನಿಗೆ ಪ್ರಕೃತಿಯ ಆಯ್ಕೆಯ ತತ್ತ್ವ ಹೊಳೆಯಿತು. ಬರೆದು ಡಾರ್ವಿನ್ನನಿಗೆ ಕಳುಹಿಸಿದನು. ಜುಲೈ 1ರಂದು ಲಂಡನ್ನಿನ ಲಿನಿಯನ್ ಸಂಘದಲ್ಲಿ ಇಬ್ಬರ ಬರಹಗಳೂ ಒಟ್ಟಿಗೆ ಓದಲ್ಪಟ್ಟವು. ಕೀರ್ತಿಯ ದೊಡ್ಡ ಪಾಲು ಡಾರ್ವಿನ್ನನಿಗೆ ಸಂದಿತು. ವಾಲೇಸ್ ಅದಕ್ಕಾಗಿ ಕಲಹಕ್ಕಿಳಿಯಲಿಲ್ಲ; ತನ್ನ ಪುಸ್ತಕವೊಂದಕ್ಕೆ ಡಾರ್ವಿನಿಸಂ ಎಂದೇ ಹೆಸರಿಟ್ಟನು. 1913ನೆಯ ನವೆಂಬರ್ 7ರಂದು, ತೊಂಬತ್ತು ವರ್ಷ ತುಂಬಿದ ಬಾಳನ್ನು ಮುಗಿಸಿದನು. ತಗಡಿನ ಪೆಟ್ಟಿಗೆಯಲ್ಲಿ ಉಳಿದು ಬಂದ ಮೀನಿನ ಚಿತ್ರಗಳು 2002ರಲ್ಲಿ, ಅವನು ಅವನ್ನು ಬರೆದ ನಾಡಾದ ಬ್ರೆಜಿಲ್ಲಿನಲ್ಲಿಯೇ ಪುಸ್ತಕವಾಗಿ ಪ್ರಕಟವಾದವು.

ನಮ್ಮ ಹಡಗು ಮನೌಸಿಗೆ ಮರಳಿದಾಗ ಆ ಮಾರ್ಗದರ್ಶಕನು ನನ್ನನ್ನು ಮರೆತಿರಲಿಲ್ಲ. ಮರುದಿನ ಬೆಳಗ್ಗೆ ಊರಂಚಿನ ಒಂದು ಕಾಡಿನ ತುಂಡಿಗೆ ಕರೆದುಕೊಂಡು ಹೋದನು. ಒಂದು ಬದಿಗೆ ಮೋಟಾರುಗಳ ಸದ್ದು, ಇನ್ನೊಂದು ಬದಿಗೆ ಮನೆಗಳ ಸಾಲು. ಅಳಿಲಿಗಿಂತ ತುಸು ದೊಡ್ಡವಾದ ನಾಲ್ಕಾರು ಜೀವಿಗಳು ಕೊಂಬೆಯಿಂದ ಕೊಂಬೆಗೆ ಹಾರಿದವು. ಮುಂದಿನ ಅರ್ಧ ಮೈ ಬಿಳಿ, ಹಿಂದಿನದು ಕಂದು. ಕೂದಲಿಲ್ಲದ ಕಪ್ಪು ಮುಖ. ಟ್ಯಾಮರಿನ್ ಕುಲದ ಈ ಕೋತಿ ಜಗತ್ತಿನಲ್ಲಿ ಮನೌಸ್ ಮತ್ತು ಅದರ ಸುತ್ತಿನ ಸೀಮೆಯನ್ನು ಬಿಟ್ಟರೆ ಬೇರೆಲ್ಲಿಯೂ ಇಲ್ಲ. ನಗರ ಬೆಳೆದಷ್ಟೂ ಅದರ ನೆಲೆ ಕುಗ್ಗುತ್ತಿದೆ. ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿ ಅದರ ಹೆಸರು ಸೇರಿದೆ. ಕರಿಯ ನದಿಗೆ ಅಡ್ಡಲಾಗಿ 2011ರಲ್ಲಿ ಸುಮಾರು ಮೂರೂವರೆ ಕಿಲೋಮೀಟರು ಉದ್ದದ ಸೇತುವೆಯೊಂದು ತೆರೆಯಿತು. ಮನುಷ್ಯರು ಅದನ್ನು ನಿಮಿಷಗಳಲ್ಲಿ ದಾಟುತ್ತಾರೆ. ಆ ಕೋತಿಗೆ ಅತ್ತಣ ದಂಡೆ ಇಂದಿಗೂ ಇಲ್ಲ.

ಒಂದು ಜೀವಿ ಎಲ್ಲಿಯದು ಎಂದು ಕೇಳುವುದು ಬರಿಯ ಚೀಟಿ ಬರೆಯುವ ಕೆಲಸವೆಂದು ನಾನು ಅಲ್ಲಿಯವರೆಗೆ ಭಾವಿಸಿದ್ದೆ. ಅದರ ಉತ್ತರದಿಂದಲೇ ಆ ಜೀವಿಗೆ ಇನ್ನೆಷ್ಟು ನೆಲ ಉಳಿದಿದೆಯೆಂಬುದೂ ತಿಳಿಯುತ್ತದೆಂದು ಆ ಕಾಡಿನ ತುಂಡಿನಲ್ಲಿ ನಿಂತಾಗ ಅರಿವಾಯಿತು. ಕಿಸೆಯಿಂದ ಪುಸ್ತಕ ತೆಗೆದು, ದಿನಾಂಕವನ್ನೂ ಕೋತಿಯ ಹೆಸರನ್ನೂ ಬರೆದು, ಕೆಳಗೆ ಎಡದಂಡೆ ಎಂದು ಗುರುತು ಮಾಡಿಕೊಂಡೆ.