ನೇಗಿಲನ್ನು ಟ್ರ್ಯಾಕ್ಟರಿಗೆ ಬೆಸೆದ ಹ್ಯಾರಿ ಫರ್ಗ್ಯುಸನ್

ಗದ್ದೆ ಉಳಲು ಬರುವ ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಮೂರು ಕಬ್ಬಿಣದ ತೋಳುಗಳಿರುವುದನ್ನು ನಾವೆಲ್ಲರೂ ನೋಡಿದ್ದೇವೆ. ಕೆಳಗೆ ಎರಡು, ಮೇಲೆ ಒಂದು. ನೇಗಿಲಿರಲಿ, ರೋಟವೇಟರ್ ಇರಲಿ, ಮೂರು ಪಿನ್ನು ಹಾಕಿದರೆ ಜೋಡಣೆ ಮುಗಿಯಿತು. ಚಾಲಕನು ಕುಳಿತಲ್ಲಿಂದಲೇ ಒಂದು ಲಿವರ್ ಎಳೆದರೆ ಹಿಂದಿನ ಸಲಕರಣೆ ಮೇಲಕ್ಕೇಳುತ್ತದೆ, ಬಿಟ್ಟರೆ ಕೆಳಗಿಳಿಯುತ್ತದೆ. ಇಷ್ಟು ಸರಳವಾಗಿ ಕಾಣುವ ಈ ವ್ಯವಸ್ಥೆಗಾಗಿ ಒಬ್ಬ ವ್ಯಕ್ತಿ ತನ್ನ ಬದುಕಿನ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲವನ್ನು ವ್ಯಯಿಸಿದರು. ಅವರೇ ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗ್ಯುಸನ್.

ಫರ್ಗ್ಯುಸನ್ ಅವರು 1884ರ ನವೆಂಬರ್ 4ರಂದು ಐರ್ಲೆಂಡಿನ ಡೌನ್ ಕೌಂಟಿಯ ಗ್ರೋವೆಲ್ ಎಂಬ ಹಳ್ಳಿಯಲ್ಲಿ ಜನಿಸಿದರು. ಹನ್ನೊಂದು ಮಕ್ಕಳ ತುಂಬು ಕುಟುಂಬ. ತಂದೆ ಜೇಮ್ಸ್ ಅವರು ಪ್ಲಿಮತ್ ಬ್ರದರೆನ್ ಎಂಬ ಪ್ರೊಟೆಸ್ಟೆಂಟ್ ಪಂಗಡಕ್ಕೆ ಸೇರಿದವರು, ಬಹಳ ಕಟ್ಟುನಿಟ್ಟಿನ ಮನುಷ್ಯ. ಮಗನಿಗೆ ಈ ಬಿಗಿ ಹಿಡಿಸಲಿಲ್ಲ. ದೊಡ್ಡವನಾದ ಮೇಲೆ ಆತ ತಂದೆಯ ವಿಶ್ವಾಸದಿಂದ ದೂರವೇ ಉಳಿದ. ಆದರೆ ಶಿಸ್ತು, ಹಟ, ಹಿಡಿದ ಕೆಲಸವನ್ನು ಬಿಡದ ಸ್ವಭಾವ ಮಾತ್ರ ತಂದೆಯಿಂದಲೇ ಬಂದಿತ್ತು ಎನ್ನಬೇಕು. 14ನೇ ವಯಸ್ಸಿನಲ್ಲಿ ಶಾಲೆ ಬಿಟ್ಟು ಹೊಲದ ಕೆಲಸಕ್ಕೆ ಇಳಿದರೂ ಆ ದುಡಿಮೆ ಅವರಿಗೆ ಒಗ್ಗಲಿಲ್ಲ. ಕೆನಡಾಕ್ಕೆ ವಲಸೆ ಹೋಗುವ ಯೋಚನೆಯೂ ಇತ್ತು. ಅಷ್ಟರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಸೈಕಲ್ ಮತ್ತು ಕಾರು ರಿಪೇರಿ ಅಂಗಡಿ ತೆರೆದಿದ್ದ ಅಣ್ಣ ಜೋ ತಮ್ಮನನ್ನು ಕರೆಸಿಕೊಂಡರು. 1902ರಲ್ಲಿ ಹೀಗೆ ಗ್ಯಾರೇಜಿಗೆ ಬಂದ ಹುಡುಗ ಇಂಜಿನ್ನುಗಳ ಶಬ್ದ ಕೇಳಿಯೇ ದೋಷವೆಲ್ಲಿದೆ ಎಂದು ಹೇಳುವಷ್ಟು ಪಳಗಿದ.

ಯೌವನದಲ್ಲಿ ಅವರಿಗೆ ಮೋಟಾರ್ ಸೈಕಲ್ ಓಟದ ಹುಚ್ಚು, ಬಳಿಕ ವಿಮಾನದ ಹುಚ್ಚು. 1909ರ ಡಿಸೆಂಬರ್ 31ರಂದು ತಾವೇ ಕಟ್ಟಿದ ವಿಮಾನವನ್ನು ಹಿಲ್ಸ್‌ಬರೋ ಎಂಬಲ್ಲಿ ಸುಮಾರು 130 ಗಜ ದೂರ ಹಾರಿಸಿ, ಐರ್ಲೆಂಡಿನಲ್ಲಿ ಮೊದಲು ವಿಮಾನ ಹಾರಿಸಿದವರೆಂಬ ಹೆಸರು ಪಡೆದರು. 1911ರಲ್ಲಿ ಅಣ್ಣನಿಂದ ಬೇರ್ಪಟ್ಟು ಸ್ವಂತ ವ್ಯಾಪಾರ ಆರಂಭಿಸಿದರು. ಐರ್ಲೆಂಡಿನ ರಾಜಕೀಯ ಕಾದಿದ್ದ ಆ ದಿನಗಳಲ್ಲಿ ಅವರು ಸ್ವರಾಜ್ಯದ ವಿರೋಧಿಗಳ ಪಕ್ಷದಲ್ಲಿದ್ದರು. 1914ರಲ್ಲಿ ಲಾರ್ನ್ ಬಂದರಿನ ಮೂಲಕ ಕದ್ದು ಬಂದೂಕು ತರಿಸಿದ ಪ್ರಕರಣದಲ್ಲಿಯೂ ಅವರ ಕೈ ಇತ್ತು. ಮಹಾನ್ ವ್ಯಕ್ತಿಗಳ ಜೀವನ ಬರೆಯುವಾಗ ಇಂತಹ ಸಂಗತಿಗಳನ್ನು ಮುಚ್ಚಿಡುವುದು ಸರಿಯಲ್ಲ.

ಅವರ ನಿಜವಾದ ಕೆಲಸ ಆರಂಭವಾದದ್ದು ಮೊದಲ ಮಹಾಯುದ್ಧದ ಸಮಯದಲ್ಲಿ. ಹಡಗುಗಳು ಮುಳುಗಿ ಬ್ರಿಟನ್ನಿನಲ್ಲಿ ಆಹಾರದ ಅಭಾವ ತಲೆದೋರಿತ್ತು. 1917ರಲ್ಲಿ ಐರ್ಲೆಂಡಿನ ಕೃಷಿ ಇಲಾಖೆಯು ಅಲ್ಲಿನ ಟ್ರ್ಯಾಕ್ಟರುಗಳ ಸ್ಥಿತಿಗತಿ ಸುಧಾರಿಸುವ ಹೊಣೆಯನ್ನು ಫರ್ಗ್ಯುಸನ್ ಅವರಿಗೆ ಒಪ್ಪಿಸಿತು. ತಮ್ಮ ಮೆಕ್ಯಾನಿಕ್ ವಿಲ್ಲೀ ಸ್ಯಾಂಡ್ಸ್ ಅವರನ್ನು ಕರೆದುಕೊಂಡು ಅವರು ಊರೂರು ಸುತ್ತಿದರು.

ಆಗಿನ ಟ್ರ್ಯಾಕ್ಟರ್ ಎಂದರೆ ಕುದುರೆಯ ಬದಲಿಗೆ ಇಂಜಿನ್ ಇಟ್ಟಂತೆ. ನೇಗಿಲನ್ನು ಸರಪಳಿಯಿಂದಲೋ ಕೊಂಡಿಯಿಂದಲೋ ಹಿಂದೆ ಕಟ್ಟಿ ಎಳೆಯುವುದು, ಅಷ್ಟೇ. ನೇಗಿಲನ್ನು ನೋಡಿಕೊಳ್ಳಲು ಅನೇಕ ಕಡೆ ಇನ್ನೊಬ್ಬ ಆಳು ಬೇಕಿತ್ತು. ಚಕ್ರ ಜಾರಬಾರದೆಂದು ತಯಾರಕರು ಯಂತ್ರದ ತೂಕ ಹೆಚ್ಚಿಸುತ್ತಾ ಹೋದರು. ತೂಕ ಹೆಚ್ಚಿದಂತೆ ಮಣ್ಣು ಗಟ್ಟಿಯಾಯಿತು, ಬೆಲೆಯೂ ಏರಿತು. ಇದಕ್ಕಿಂತ ಭಯಂಕರವಾದದ್ದು ಇನ್ನೊಂದಿತ್ತು. ನೇಗಿಲು ನೆಲದೊಳಗಿನ ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಟ್ರ್ಯಾಕ್ಟರ್ ಮುಂದೆ ಹೋಗಲಾರದು, ಆದರೆ ಇಂಜಿನ್ ಹಿಂದಿನ ಚಕ್ರವನ್ನು ತಿರುಗಿಸುತ್ತಲೇ ಇರುತ್ತದೆ. ಆಗ ಆ ಶಕ್ತಿಯೆಲ್ಲ ಮುಂಭಾಗವನ್ನು ಎತ್ತಿಬಿಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಟ್ರ್ಯಾಕ್ಟರ್ ಹಿಮ್ಮುಖವಾಗಿ ಮಗುಚಿ ಚಾಲಕನ ಮೇಲೆ ಬೀಳುತ್ತದೆ. ಹೆನ್ರಿ ಫೋರ್ಡ್ ಅವರ ಕಂಪೆನಿ 1917ರಲ್ಲಿ ಮಾರುಕಟ್ಟೆಗೆ ತಂದ ಅಗ್ಗದ ಫೋರ್ಡ್‌ಸನ್ ಟ್ರ್ಯಾಕ್ಟರ್ ಲಕ್ಷಗಟ್ಟಲೆ ಮಾರಾಟವಾದರೂ ಈ ದೋಷದಿಂದ ಅನೇಕ ಜೀವಗಳನ್ನು ಬಲಿ ತೆಗೆದುಕೊಂಡಿತು. ಅನ್ನ ಕೊಡಬೇಕಾದ ಯಂತ್ರ ಉಳುವವನನ್ನೇ ಕೊಲ್ಲುತ್ತಿತ್ತು.

ಟ್ರ್ಯಾಕ್ಟರ್ ಮತ್ತು ನೇಗಿಲನ್ನು ಎರಡು ಬೇರೆ ವಸ್ತುಗಳೆಂದು ತಿಳಿದದ್ದೇ ತೊಂದರೆಗೆ ಮೂಲ ಎಂದು ಫರ್ಗ್ಯುಸನ್ ಮನಗಂಡರು. ಎರಡನ್ನೂ ಒಂದೇ ಯಂತ್ರವಾಗಿ ಮಾಡಬೇಕು ಎಂಬುದು ಅವರ ಸಂಕಲ್ಪವಾಯಿತು. 1917ರಲ್ಲೇ ಚಕ್ರಗಳಿಲ್ಲದ, ಟ್ರ್ಯಾಕ್ಟರಿಗೆ ನೇರವಾಗಿ ಜೋಡಿಸುವ ನೇಗಿಲೊಂದನ್ನು ಅವರು ತಯಾರಿಸಿದರು. ಅಲ್ಲಿಂದ ಮುಂದೆ ಒಂದರ ನಂತರ ಒಂದು ಪ್ರಯೋಗ. ಉಳುಮೆಯ ಆಳವನ್ನು ತಾನಾಗಿ ಕಾಯ್ದುಕೊಳ್ಳುವ ಉಪಾಯಕ್ಕೆ 1926ರಲ್ಲಿ ಪೇಟೆಂಟ್ ದೊರೆಯಿತು. ಆದರೆ ಯಂತ್ರ ಪೂರ್ಣ ರೂಪಕ್ಕೆ ಬರಲು 1933ರವರೆಗೆ ಕಾಯಬೇಕಾಯಿತು. ಆ ವರ್ಷ ಬೆಲ್‌ಫಾಸ್ಟಿನಲ್ಲಿ ಸಿದ್ಧವಾದ, ಕಪ್ಪು ಬಣ್ಣ ಬಳಿದ ಆ ಮೊದಲ ಟ್ರ್ಯಾಕ್ಟರ್ ಲಂಡನ್ನಿನ ವಿಜ್ಞಾನ ಸಂಗ್ರಹಾಲಯದ ಪಾಲಾಗಿದೆ.

ಅದು ಕೆಲಸ ಮಾಡುವ ರೀತಿಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು; ಐಟಿಐ ಕಲಿತ ನಮ್ಮ ಯುವಕರಿಗೆ ಇದು ಖುಷಿ ಕೊಡುವ ವಿಷಯ. ಕೆಳಗಿನ ಎರಡು ತೋಳುಗಳು ನೇಗಿಲನ್ನು ಎಳೆಯುತ್ತವೆ. ಮಣ್ಣು ತಡೆ ಒಡ್ಡಿದಾಗ ನೇಗಿಲಿನ ಮೇಲ್ಭಾಗ ಮುಂದಕ್ಕೆ ವಾಲಲು ನೋಡುತ್ತದೆ. ಆಗ ಮೇಲಿನ ತೋಳು ಟ್ರ್ಯಾಕ್ಟರನ್ನು ಹಿಂದಿನಿಂದ ಒತ್ತುತ್ತದೆ. ಈ ಒತ್ತಡದಿಂದ ಎರಡು ಉಪಕಾರ. ಒಂದು, ಮುಂಭಾಗ ಮೇಲಕ್ಕೇಳುವ ಬದಲು ನೆಲಕ್ಕೆ ಒತ್ತಿಕೊಳ್ಳುತ್ತದೆ. ಇನ್ನೊಂದು, ಅದು ಒಂದು ಸ್ಪ್ರಿಂಗಿನ ಮೂಲಕ ಹೈಡ್ರಾಲಿಕ್ ಪಂಪಿನ ವಾಲ್ವಿಗೆ ಸುದ್ದಿ ಮುಟ್ಟಿಸುತ್ತದೆ. ಮಣ್ಣು ಗಟ್ಟಿಯಾದರೆ ನೇಗಿಲು ತುಸು ಮೇಲೇಳುತ್ತದೆ, ಮೆತ್ತಗಾದರೆ ಕೆಳಗಿಳಿಯುತ್ತದೆ. ನೇಗಿಲಿನ ಭಾರ, ಅದರ ಮೇಲೆ ಬೀಳುವ ಮಣ್ಣಿನ ಭಾರ ಎಲ್ಲವೂ ಹಿಂದಿನ ಚಕ್ರದ ಮೇಲೆ ಬರುವುದರಿಂದ ಹಗುರವಾದ ಯಂತ್ರಕ್ಕೂ ಒಳ್ಳೆಯ ಹಿಡಿತ ಸಿಗುತ್ತದೆ. ಬಂಡೆಗೆ ಬಡಿದರೆ? ವಾಲ್ವು ಒತ್ತಡವನ್ನು ಬಿಟ್ಟುಕೊಡುತ್ತದೆ, ಚಕ್ರದ ಮೇಲಿನ ಭಾರ ಇಳಿದು ಚಕ್ರ ಇದ್ದಲ್ಲೇ ತಿರುಗುತ್ತದೆ, ಯಂತ್ರ ಮಗುಚುವುದಿಲ್ಲ. ಯಾವ ಶಕ್ತಿ ಚಾಲಕನನ್ನು ಕೊಲ್ಲುತ್ತಿತ್ತೋ ಅದನ್ನೇ ಅವನ ರಕ್ಷಣೆಗೆ ತಿರುಗಿಸಿದ ಜಾಣ್ಮೆ ಇದು.

ಈ ಕೀರ್ತಿಯಲ್ಲಿ ವಿಲ್ಲೀ ಸ್ಯಾಂಡ್ಸ್ ಮತ್ತು ಆರ್ಚೀ ಗ್ರಿಯರ್ ಅವರಿಗೂ ದೊಡ್ಡ ಪಾಲು ಸಲ್ಲಬೇಕು. ಯೋಚನೆ, ಹಟ ಮತ್ತು ಮಾತುಗಾರಿಕೆ ಫರ್ಗ್ಯುಸನ್ ಅವರದು. ಲೋಹವನ್ನು ಕೊರೆದು, ಜೋಡಿಸಿ, ಕೆಡವಿ, ಮತ್ತೆ ಜೋಡಿಸಿದ ಕೈಗಳು ಬಹುಮಟ್ಟಿಗೆ ಇವರದು. ಯಂತ್ರದ ಮೇಲೆ ಇದ್ದದ್ದು ಮಾತ್ರ ಒಬ್ಬರ ಹೆಸರು.

1936ರಲ್ಲಿ ಇಂಗ್ಲೆಂಡಿನ ಗಿಯರ್ ತಯಾರಕ ಡೇವಿಡ್ ಬ್ರೌನ್ ಅವರ ಸಹಭಾಗಿತ್ವದಲ್ಲಿ ಮಾರಾಟ ಆರಂಭವಾಯಿತು. ಟ್ರ್ಯಾಕ್ಟರಿಗೆ 224 ಪೌಂಡು, ಪ್ರತಿ ಸಲಕರಣೆಗೆ 26 ಪೌಂಡು. ಸುಮಾರು 1,350 ಯಂತ್ರಗಳು ತಯಾರಾಗುವಷ್ಟರಲ್ಲಿ ಪಾಲುದಾರರಲ್ಲಿ ಭಿನ್ನಾಭಿಪ್ರಾಯ ಬಂದು ನಂಟು ಕಡಿಯಿತು.

ಇಲ್ಲಿಂದ ಮುಂದಿನದು ಅವರ ಜೀವನದ ಅತ್ಯಂತ ಪ್ರಸಿದ್ಧ ಘಟನೆ. 1938ರ ಅಕ್ಟೋಬರ್‌ನಲ್ಲಿ ಫರ್ಗ್ಯುಸನ್ ತಮ್ಮ ಟ್ರ್ಯಾಕ್ಟರನ್ನು ಹಡಗಿನಲ್ಲಿ ಅಮೆರಿಕಕ್ಕೆ ಸಾಗಿಸಿ, ಡಿಯರ್‌ಬಾರ್ನ್‌ನಲ್ಲಿ ಹೆನ್ರಿ ಫೋರ್ಡ್ ಅವರ ಜಮೀನಿನಲ್ಲೇ ಉತ್ತು ತೋರಿಸಿದರು. ಆಗ 75 ವರ್ಷ ದಾಟಿದ್ದ ಫೋರ್ಡ್ ಅವರೂ ರೈತನ ಮಗನೇ. ಹೊಲದಲ್ಲೇ ಒಂದು ಮೇಜು ಹಾಕಿಸಿ, ಇಬ್ಬರೂ ಎದುರು ಬದುರು ಕುಳಿತು ಮಾತನಾಡಿದರು. ಫೋರ್ಡ್ ಟ್ರ್ಯಾಕ್ಟರ್ ತಯಾರಿಸಬೇಕು, ಫರ್ಗ್ಯುಸನ್ ವಿನ್ಯಾಸ ಮತ್ತು ಮಾರಾಟ ನೋಡಿಕೊಳ್ಳಬೇಕು. ಕಾಗದವಿಲ್ಲ, ಸಹಿಯಿಲ್ಲ, ವಕೀಲರಿಲ್ಲ. ಕೈಕುಲುಕಿದರು, ಒಪ್ಪಂದವಾಯಿತು. 1939ರ ಜೂನ್‌ನಲ್ಲಿ ಫೋರ್ಡ್-ಫರ್ಗ್ಯುಸನ್ ಟ್ರ್ಯಾಕ್ಟರ್ ಬಿಡುಗಡೆಯಾದಾಗ ಅದು ಎಷ್ಟು ಸುಲಭ ಎಂದು ತೋರಿಸಲು ಎಂಟು ವರ್ಷದ ಹುಡುಗನಿಂದ ಉಳುಮೆ ಮಾಡಿಸಲಾಯಿತು. ಬೆಲೆ 585 ಡಾಲರ್. ಎರಡನೇ ಮಹಾಯುದ್ಧದ ವರ್ಷಗಳೂ ಸೇರಿ 1947ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ಹೊರಬಂದವು.

ಇಬ್ಬರು ಮುದುಕರ ನಡುವಿನ ಮಾತು ಅವರಿಬ್ಬರೂ ಇರುವವರೆಗೆ ಮಾತ್ರ. 1947ರ ಏಪ್ರಿಲ್‌ನಲ್ಲಿ ಹೆನ್ರಿ ಫೋರ್ಡ್ ತೀರಿಕೊಂಡರು. ಈಗಾಗಲೇ ಕಂಪೆನಿಯ ಆಡಳಿತ ವಹಿಸಿಕೊಂಡಿದ್ದ ಮೊಮ್ಮಗ ಎರಡನೇ ಹೆನ್ರಿ ಫೋರ್ಡ್ ಲೆಕ್ಕಪತ್ರ ತೆಗೆದು ನೋಡಿದರೆ ಟ್ರ್ಯಾಕ್ಟರ್ ವಿಭಾಗದಲ್ಲಿ ನಷ್ಟ. ಅವರು ಒಪ್ಪಂದವನ್ನು ಮುರಿದರು. ಆದರೆ ಫರ್ಗ್ಯುಸನ್ ವ್ಯವಸ್ಥೆಯನ್ನು ಮಾತ್ರ ಬಿಡಲಿಲ್ಲ, ಅದನ್ನೇ ಬಳಸಿ ಬೇರೆ ಟ್ರ್ಯಾಕ್ಟರ್ ತಯಾರಿಸಿ ತಮ್ಮದೇ ಕಂಪೆನಿಯಿಂದ ಮಾರತೊಡಗಿದರು. ಫರ್ಗ್ಯುಸನ್ 1948ರಲ್ಲಿ 251 ಮಿಲಿಯ ಡಾಲರ್ ಪರಿಹಾರ ಕೇಳಿ ದಾವೆ ಹೂಡಿದರು. ನಾಲ್ಕು ವರ್ಷ ಎಳೆದ ಮೊಕದ್ದಮೆ 1952ರ ಏಪ್ರಿಲ್‌ನಲ್ಲಿ ರಾಜಿಯಲ್ಲಿ ಮುಗಿಯಿತು. ಪೇಟೆಂಟುಗಳನ್ನು ಬಳಸಿದ್ದಕ್ಕಾಗಿ ಸಿಕ್ಕಿದ್ದು 9.25 ಮಿಲಿಯ ಡಾಲರ್. ಕೇಳಿದ್ದಕ್ಕೆ ಹೋಲಿಸಿದರೆ ಅಲ್ಪವೇ. ಆದರೂ ಸಣ್ಣವನ ಕಲ್ಪನೆಯನ್ನು ದೊಡ್ಡವರು ಬಿಟ್ಟಿಯಾಗಿ ಬಳಸುವಂತಿಲ್ಲ ಎಂಬುದು ಲೋಕಕ್ಕೆ ಗೊತ್ತಾಯಿತು. ಒಂದು ಕಾಗದ ಬರೆಸಿಕೊಂಡಿದ್ದರೆ ಇಷ್ಟೆಲ್ಲ ಬೇಕಿತ್ತೇ ಎಂದು ನಮಗೆ ಈಗ ಅನಿಸಬಹುದು. ಕಾಗದ ಬರೆಯಲು ಕುಳಿತಿದ್ದರೆ ಆ ಟ್ರ್ಯಾಕ್ಟರ್ ಅಷ್ಟು ಬೇಗ ಹೊರಬರುತ್ತಿತ್ತೋ ಇಲ್ಲವೋ!

ಈ ಜಗಳದ ನಡುವೆಯೇ ಇಂಗ್ಲೆಂಡಿನಲ್ಲಿ ಅವರ ಅತಿ ದೊಡ್ಡ ಕೆಲಸ ನಡೆದಿತ್ತು. ಕೋವೆಂಟ್ರಿಯ ಬ್ಯಾನರ್ ಲೇನ್ ಎಂಬಲ್ಲಿ ಯುದ್ಧಕಾಲದಲ್ಲಿ ವಿಮಾನದ ಇಂಜಿನ್ ತಯಾರಿಸುತ್ತಿದ್ದ ಕಾರ್ಖಾನೆ ಖಾಲಿ ಬಿದ್ದಿತ್ತು. ಸ್ಟ್ಯಾಂಡರ್ಡ್ ಮೋಟಾರ್ ಕಂಪೆನಿಯು 1946ರಿಂದ ಅಲ್ಲಿ ಫರ್ಗ್ಯುಸನ್ ಅವರಿಗಾಗಿ ಟಿಇ-20 ಎಂಬ ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರನ್ನು ತಯಾರಿಸತೊಡಗಿತು. 1956ರವರೆಗೆ ಐದು ಲಕ್ಷಕ್ಕೂ ಮೀರಿ ತಯಾರಾದವು. ಹೊಲದ ಒಂದು ಮೂಲೆಗೆ ಹಗ್ಗದ ಬೇಲಿ ಕಟ್ಟಿ, ಆ ಇಕ್ಕಟ್ಟಿನಲ್ಲೇ ಮೂಲೆ ಬಿಡದಂತೆ ಉತ್ತು ತೋರಿಸುವುದು ಅವರ ಮಾರಾಟದ ಕ್ರಮ. ಕುದುರೆ ದುಡಿಯದ ದಿನವೂ ಮೇವು ತಿನ್ನುತ್ತದೆ, ಅದನ್ನು ಸಾಕಲು ಎಕರೆಗಟ್ಟಲೆ ಭೂಮಿ ಬೇಕು, ಆ ಭೂಮಿಯಲ್ಲಿ ಮನುಷ್ಯರಿಗೆ ಆಹಾರ ಬೆಳೆಯಬಹುದಲ್ಲವೇ ಎಂಬುದು ಅವರ ವಾದ. ಆಹಾರದ ಬೆಲೆ ಇಳಿದರೆ ಬಡತನವೂ, ಬಡತನದಿಂದ ಹುಟ್ಟುವ ಯುದ್ಧವೂ ನಿಲ್ಲುತ್ತದೆ ಎಂದು ಅವರು ದೃಢವಾಗಿ ನಂಬಿದ್ದರು. ಅದು ಅತಿ ಆಸೆಯೇ ಸರಿ.

ಕೆಲಸದ ವಿಷಯದಲ್ಲಿ ಫರ್ಗ್ಯುಸನ್ ಅತ್ಯಂತ ಶಿಸ್ತಿನವರು. ಒಂದು ಸ್ಕ್ರೂ ಓರೆಯಾದರೂ ಸಹಿಸುತ್ತಿರಲಿಲ್ಲ. ಟ್ರ್ಯಾಕ್ಟರಿನ ಜೊತೆ ಕೊಡುತ್ತಿದ್ದ ಒಂದೇ ಸ್ಪ್ಯಾನರಿನಿಂದ ರೈತನು ದಿನನಿತ್ಯದ ಹೊಂದಾಣಿಕೆಗಳನ್ನೆಲ್ಲ ಮಾಡಿಕೊಳ್ಳಬಹುದಿತ್ತು. ಅದರ ಮೇಲೆ ಇಂಚಿನ ಗುರುತುಗಳನ್ನೂ ಹಾಕಿಸಿದ್ದರಿಂದ ಅದೇ ಅಳತೆಗೋಲೂ ಆಯಿತು. ಯಂತ್ರ ಮಾರಿದರೆ ಸಾಲದು, ಅದನ್ನು ಬಲ್ಲವರು ಬೇಕೆಂದು ಸ್ಟೋನ್ಲೀ ಎಂಬಲ್ಲಿ ತರಬೇತಿ ಶಾಲೆಯನ್ನೂ ತೆರೆದರು. ಡೀಲರುಗಳು, ಮೆಕ್ಯಾನಿಕರು ಅಲ್ಲಿ ಕಲಿತು ಹೋದರು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ ಅವರ ತಂಡವು ಇದೇ ಮಾದರಿಯ ಮೂರು ಟ್ರ್ಯಾಕ್ಟರುಗಳಿಗೆ ಪಟ್ಟಿ ತೊಡಿಸಿ, 1958ರ ಜನವರಿ 4ರಂದು ದಕ್ಷಿಣ ಧ್ರುವವನ್ನು ತಲುಪಿತು. ಹೊಲಕ್ಕಾಗಿ ಮಾಡಿದ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕೇ?

1953ರಲ್ಲಿ ಅವರು ತಮ್ಮ ಸಂಸ್ಥೆಯನ್ನು ಕೆನಡಾದ ಮ್ಯಾಸಿ-ಹ್ಯಾರಿಸ್ ಕಂಪೆನಿಯೊಂದಿಗೆ ವಿಲೀನಗೊಳಿಸಿದರು. ಬೆಲೆಯಲ್ಲಿ ಒಂದು ಮಿಲಿಯ ಡಾಲರ್ ವ್ಯತ್ಯಾಸ ಬಂದಾಗ ನಾಣ್ಯ ಚಿಮ್ಮಿ ತೀರ್ಮಾನಿಸೋಣ ಎಂದವರು ಫರ್ಗ್ಯುಸನ್. ನಾಣ್ಯ ಅವರ ವಿರುದ್ಧ ಬಿತ್ತು. ಅದಕ್ಕಾಗಿ ಅವರು ಬೇಸರಪಡಲಿಲ್ಲ. ಆದರೆ ಹೊಸ ಆಡಳಿತದೊಂದಿಗೆ ಹೊಂದಿಕೊಳ್ಳಲಾಗದೆ 1954ರಲ್ಲಿ ಹೊರಬಂದರು. ಆಮೇಲೆ ಮನಸ್ಸು ಕಾರುಗಳ ಕಡೆ ತಿರುಗಿತು. ನಾಲ್ಕು ಚಕ್ರಕ್ಕೂ ಇಂಜಿನ್ನಿನ ಶಕ್ತಿ ಹರಿಯುವ, ಜಾರದ ಕಾರನ್ನು ಮಾಡಬೇಕೆಂದು ಹಣ ಸುರಿದರು. ಅವರ ಸಂಸ್ಥೆ ತಯಾರಿಸಿದ ಪಿ-99 ರೇಸಿಂಗ್ ಕಾರನ್ನು ಸ್ಟರ್ಲಿಂಗ್ ಮಾಸ್ ಓಡಿಸಿ 1961ರಲ್ಲಿ ಔಲ್ಟನ್ ಪಾರ್ಕ್ ಗೋಲ್ಡ್ ಕಪ್ ಗೆದ್ದರು. ಆ ಗೆಲುವನ್ನು ನೋಡಲು ಫರ್ಗ್ಯುಸನ್ ಇರಲಿಲ್ಲ. ಕೊನೆಯ ವರ್ಷಗಳಲ್ಲಿ ನಿದ್ರಾಹೀನತೆ ಮತ್ತು ಖಿನ್ನತೆ ಅವರನ್ನು ಬಹಳ ಕಾಡಿತ್ತು. 1960ರ ಅಕ್ಟೋಬರ್ 25ರಂದು ತಮ್ಮ ಮನೆಯಲ್ಲಿ, ನಿದ್ರೆಯ ಔಷಧಿ ಅತಿಯಾಗಿ ತೀರಿಕೊಂಡರು. ಅದು ಆಕಸ್ಮಿಕವೋ ಅಲ್ಲವೋ ಎಂದು ವಿಚಾರಣೆಯಲ್ಲೂ ನಿರ್ಧಾರವಾಗಲಿಲ್ಲ.

ಅವರು ತೀರಿಕೊಂಡ ಅದೇ 1960ರಲ್ಲಿ ಮದ್ರಾಸಿನಲ್ಲಿ ಟಾಫೆ ಕಂಪೆನಿ ಸ್ಥಾಪನೆಯಾಗಿ, ಮ್ಯಾಸಿ ಫರ್ಗ್ಯುಸನ್ ಸಹಯೋಗದಲ್ಲಿ ಭಾರತದಲ್ಲೇ ಟ್ರ್ಯಾಕ್ಟರ್ ತಯಾರಿಸತೊಡಗಿತು. ನಮ್ಮ ಕರಾವಳಿಯ ಸಣ್ಣ ಗದ್ದೆಗಳಲ್ಲಿ ಪವರ್ ಟಿಲ್ಲರಿನದೇ ಹೆಚ್ಚು ಓಡಾಟವಾದರೂ, ಬಯಲು ಗದ್ದೆಗಳಿಗೆ ಕೇಜ್ ವೀಲ್ ಹಾಕಿಕೊಂಡು ಟ್ರ್ಯಾಕ್ಟರುಗಳೂ ಇಳಿಯುತ್ತವೆ. ಪೇಟೆಂಟಿನ ಅವಧಿ ಮುಗಿದ ಮೇಲೆ ಮೂರು ತೋಳುಗಳ ಜೋಡಣೆ ಎಲ್ಲ ಕಂಪೆನಿಗಳ ಸೊತ್ತಾಯಿತು, ಅಂತರರಾಷ್ಟ್ರೀಯ ಮಾನಕವೂ ಆಯಿತು. ಸಣ್ಣ ಟ್ರ್ಯಾಕ್ಟರುಗಳ ವರ್ಗದಲ್ಲಿ ಕೆಳಗಿನ ಪಿನ್ನು 22 ಮಿಲಿಮೀಟರ್, ಮೇಲಿನದು 19 ಮಿಲಿಮೀಟರ್. ಈ ಅಳತೆ ಗೊತ್ತಿದ್ದರೆ ನಮ್ಮೂರಿನ ವೆಲ್ಡಿಂಗ್ ಶಾಪಿನವರು ಕೂಡ ಯಾವ ಕಂಪೆನಿಯ ಟ್ರ್ಯಾಕ್ಟರಿಗೂ ಹೊಂದುವ ನೇಗಿಲನ್ನು ಮಾಡಿಕೊಡಬಲ್ಲರು.