ಆಲ್ಬರ್ಟ್ ಐಲರನ ಮೊದಲ ಧ್ವನಿಮುದ್ರಿಕೆಗಳು

ಸ್ಯಾಕ್ಸೊಫೋನ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವವರು ಕದ್ರಿ ಗೋಪಾಲನಾಥರು. ಆ ವಿದೇಶೀ ವಾದ್ಯದಿಂದ ಕರ್ನಾಟಕ ಸಂಗೀತದ ರಾಗಗಳನ್ನು ಹೊರಡಿಸಿ, ಅದು ನಮ್ಮ ಮನೆಯದೇ ಎನ್ನುವಂತೆ ಮಾಡಿದ ಮಹನೀಯರವರು. ನಾನು ಈ ಲೇಖನದಲ್ಲಿ ಪರಿಚಯಿಸಲೆಳಸುವ ಕಲಾವಿದನಾದರೋ ಅದೇ ವಾದ್ಯವನ್ನು ಹಿಡಿದು, ಜಾಝ್ ಕೇಳಿಕೊಂಡೇ ಬೆಳೆದವರಿಗೂ ಅದನ್ನು ಅಪರಿಚಿತವಾಗಿಸಿದವನು. ಆತನೇ ಅಮೆರಿಕದ ಆಲ್ಬರ್ಟ್ ಐಲರ್. ಬದುಕಿದ್ದುದು ೩೪ ವರ್ಷ ಮಾತ್ರ. ಅಷ್ಟರೊಳಗೆ, ಈತನಿಗೆ ವಾದ್ಯ ನುಡಿಸಲು ಬಾರದೆಂಬ ಅಪವಾದವನ್ನು ಹಲವು ಸಲ ಹೊತ್ತನು. ಅದು ಎಷ್ಟು ಪೊಳ್ಳೆಂಬುದಕ್ಕೆ ಆತನ ಮೊದಲ ಎರಡು ಮೂರು ವರ್ಷಗಳ ಧ್ವನಿಮುದ್ರಿಕೆಗಳೇ ಸಾಕ್ಷಿಯೆಂದು ನನ್ನ ನಂಬಿಕೆ.

ಐಲರನು ಹುಟ್ಟಿದ್ದು ೧೯೩೬ನೆಯ ಜುಲೈ ೧೩ರಂದು, ಓಹಾಯೋ ಸಂಸ್ಥಾನದ ಕ್ಲೀವ್‌ಲ್ಯಾಂಡ್ ನಗರದ ಕರಿಯರ ಮನೆತನವೊಂದರಲ್ಲಿ. ತಂದೆ ಎಡ್ವರ್ಡ್ ಸ್ಯಾಕ್ಸೊಫೋನ್ ಮತ್ತು ಪಿಟೀಲು ಎರಡನ್ನೂ ಬಲ್ಲವನು. ಆತನೇ ಮಗನಿಗೆ ಮೊದಲ ಗುರು. ಚರ್ಚಿನಲ್ಲಿ ತಂದೆ ಮಕ್ಕಳಿಬ್ಬರೂ ಜೊತೆಯಾಗಿ ನುಡಿಸುತ್ತಿದ್ದರು. ಹದಿಹರೆಯದಲ್ಲಿಯೇ ಹುಡುಗನು ಶಾಲೆಯ ಬೇಸಗೆ ರಜೆಯಲ್ಲಿ ಬ್ಲೂಸ್ ಗಾಯಕ ಲಿಟಲ್ ವಾಲ್ಟರನ ಮೇಳದೊಡನೆ ಊರೂರು ಸುತ್ತಿದನು. ಆ ಕಾಲದ ಮಹಾವಾದಕ ಚಾರ್ಲಿ ಪಾರ್ಕರನಿಗೆ ಹಕ್ಕಿಯೆಂದು ಅಡ್ಡಹೆಸರಿತ್ತು. ಕ್ಲೀವ್‌ಲ್ಯಾಂಡಿನವರು ಈ ಹುಡುಗನನ್ನು ಮರಿಹಕ್ಕಿಯೆಂದು ಕರೆದರು. ನುಡಿಸಲು ಬಾರದವನಿಗೆ ಯಾರೂ ಅಂಥ ಹೆಸರಿಡುವುದಿಲ್ಲ. (ಶಾಲೆಯಲ್ಲಿ ಆತನು ಗಾಲ್ಫ್ ತಂಡದ ನಾಯಕನೂ ಆಗಿದ್ದನೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.)

೧೯೫೮ರಲ್ಲಿ ಸೈನ್ಯಕ್ಕೆ ಸೇರಿ, ಫ್ರಾನ್ಸಿನಲ್ಲಿದ್ದ ಅಮೆರಿಕದ ದಳದ ಬ್ಯಾಂಡಿನಲ್ಲಿ ನುಡಿಸಿದನು. ಅಲ್ಲಿಯೇ ಚಿಕ್ಕ ಆಲ್ಟೋ ಸ್ಯಾಕ್ಸೊಫೋನನ್ನು ಬಿಟ್ಟು, ದಪ್ಪ ದನಿಯ ಟೆನರನ್ನು ಕೈಗೆತ್ತಿಕೊಂಡದ್ದು. ಕವಾಯತಿನ ಮೆರವಣಿಗೆ ರಾಗಗಳು ಆತನ ಕಿವಿಯಲ್ಲಿ ಕೊನೆಯವರೆಗೂ ಉಳಿದವು. ೧೯೬೧ರಲ್ಲಿ ಸೈನ್ಯ ಬಿಟ್ಟು ತಾಯ್ನಾಡಿಗೆ ಮರಳಿದಾಗ ಆತನ ವಾದನ ಬೇರೆಯಾಗಿತ್ತು. ಸ್ವರಗಳ ನಡುವಣ ಸಂದಿಗಳಲ್ಲಿ ಓಡಾಡುವುದು, ಕೂಗು, ನರಳಿಕೆ, ನಡುಗುವ ದೀರ್ಘಸ್ವರ. ಹಳೆಯ ಗೆಳೆಯರಿಗೂ ಅದು ಸಹಿಸಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಊರಿಗೆ ಹೋದಾಗ ಇಲ್ಲಿ ಓದಿದ್ದನ್ನು ಹೇಳಹೊರಟರೆ ಮಾತು ಅರ್ಧದಲ್ಲಿ ನಿಲ್ಲುತ್ತದೆ. ಕೇಳುವವರಲ್ಲಿ ಪ್ರೀತಿಗೆ ಕೊರತೆಯಿಲ್ಲ, ಹಂಚಿಕೊಳ್ಳುವ ಭಾಷೆಯೇ ಇಲ್ಲ. ಆದುದರಿಂದ ಐಲರನ ಜೀವನದ ಈ ಘಟ್ಟವನ್ನು ಓದುವಾಗ ನಾನು ಬೇಗ ಪುಟ ತಿರುಗಿಸಲಾರೆ.

೧೯೬೨ರಲ್ಲಿ ಆತನು ಸ್ವೀಡನ್ನಿಗೆ ಹೊರಟನು. ಅಲ್ಲಿ ಬೆಂಗ್ಟ್ ನಾರ್ಡ್‌ಸ್ಟ್ರೋಮ್ ಎಂಬ ರಸಿಕನು ಆ ವರ್ಷದ ಅಕ್ಟೋಬರ್ ೨೫ರಂದು ಸ್ಟಾಕ್‌ಹೋಮಿನಲ್ಲಿ ಆತನ ವಾದನವನ್ನು ಮುದ್ರಿಸಿಕೊಂಡು ತನ್ನ ಪುಟ್ಟ ಸಂಸ್ಥೆಯಿಂದ ಹೊರತಂದನು. ಮೊದಲ ಮುದ್ರಿಕೆ ಅದೇ. ಜೊತೆಗೆ ಬಾಸ್ ನುಡಿಸಿದ ಟೋರ್ಬ್ಯೋರ್ನ್ ಹುಲ್ಟ್‌ಕ್ರಾಂಟ್ಸ್, ಡ್ರಮ್ ಬಾರಿಸಿದ ಸೂನೆ ಸ್ಪೋಂಗ್‌ಬೆರಿ ಇಬ್ಬರೂ ಸ್ವೀಡನ್ನಿನವರು, ತಮ್ಮ ಕೆಲಸ ಚೆನ್ನಾಗಿ ಬಲ್ಲವರು. ಅವರು ತಾಳ ತಪ್ಪದೆ ನಡೆಯುತ್ತಾರೆ, ಐಲರನು ದಾರಿ ಬಿಟ್ಟು ಗದ್ದೆಗಿಳಿಯುತ್ತಾನೆ. ಮರುವರ್ಷ ಜನವರಿಯಲ್ಲಿ ಕೋಪನ್‌ಹೇಗನ್ನಿನಲ್ಲಿ ಮುದ್ರಿತವಾದ ಎರಡನೆಯದೂ ಅದೇ ಬಗೆಯದು. ಅದರ ಮೊದಲಲ್ಲಿ ಐಲರನು ತನ್ನ ಹೆಸರು, ಊರು, ಬಾಲ್ಯ ಇವನ್ನು ಸಂಕೋಚದ ಮೆಲುದನಿಯಲ್ಲಿ ತಾನೇ ಹೇಳುತ್ತಾನೆ. ಮುಂದೆ ಬರುವ ಆ ಭೀಕರ ನಾದ ಇದೇ ಮನುಷ್ಯನದೆಂದು ನಂಬುವುದು ಕಷ್ಟ. ಬಾಸ್ ನುಡಿಸಿದ ನೀಲ್ಸ್-ಹೆನ್ನಿಂಗ್ ಓರ್‌ಸ್ಟೆಡ್ ಪೆಡರ್ಸನ್‌ಗೆ ಆಗ ಹದಿನಾರೇ ವರ್ಷ! ಎಲ್ಲರೂ ಬಲ್ಲ 'ಸಮ್ಮರ್‌ಟೈಮ್' ಹಾಡನ್ನು ಐಲರನು ಅದರಲ್ಲಿ ಅಳುವಿನಂತೆ ಎಳೆದೆಳೆದು ನುಡಿಸಿದ್ದಾನೆ. ಜೊತೆಗಾರರು ಒಂದು ಹಾಡಿನಲ್ಲಿದ್ದರೆ ಆತನು ಇನ್ನೊಂದರಲ್ಲಿ. ಸುಂದರವೆನ್ನಲೇ, ಒಂಟಿತನವೆನ್ನಲೇ, ನಾನು ತೀರ್ಮಾನಿಸಿಲ್ಲ.

ಇಲ್ಲಿ ವಾಚಕರಿಗೆ ಒಂದು ಮಾತು ಹೇಳಬೇಕು. ರೂಢಿಯ ಜಾಝ್ ವಾದನದಲ್ಲಿ ಒಂದು ಹಾಡಿನ ಸ್ವರಮೇಳಗಳ ಚೌಕಟ್ಟು ಮತ್ತೆ ಮತ್ತೆ ಸುತ್ತುತ್ತಿರುತ್ತದೆ. ಡ್ರಮ್ಮಿನವನು ಎಣಿಕೆ ಕಾಯುತ್ತಾನೆ. ವಾದಕನು ಆ ಚೌಕಟ್ಟಿನೊಳಗೆ ತನ್ನ ಮನೋಧರ್ಮವನ್ನು ತೋರುತ್ತಾನೆ. ೧೯೬೦ರ ಸುಮಾರಿಗೆ ಆರ್ನೆಟ್ ಕೋಲ್ಮನ್, ಸೆಸಿಲ್ ಟೇಲರ್ ಮೊದಲಾದವರು ಚೌಕಟ್ಟನ್ನೂ ಎಣಿಕೆಯನ್ನೂ ಸಡಿಲಿಸಿದರು. ಇದಕ್ಕೇ ಮುಕ್ತ ಜಾಝ್ ಎಂದು ಹೆಸರಾಯಿತು. ಸ್ಕ್ಯಾಂಡಿನೇವಿಯಕ್ಕೆ ಬಂದಿದ್ದ ಟೇಲರನ ಮೇಳದೊಡನೆ ಐಲರನು ನುಡಿಸಿದನು. ಅದರಲ್ಲಿದ್ದ ಸನ್ನಿ ಮರೆ ಎಣಿಕೆಯನ್ನೇ ಬಿಟ್ಟು, ಕಂಚಿನ ತಾಳಗಳನ್ನು ನೀರಿನ ಅಲೆಯಂತೆ ಮಿಡಿಸುವ ಡ್ರಮ್‌ ವಾದಕ. ಸ್ವದೇಶದಲ್ಲಿ ಸಿಗದ ಜೊತೆಗಾರ ಪರದೇಶದಲ್ಲಿ ಸಿಕ್ಕನು.

ನ್ಯೂಯಾರ್ಕಿಗೆ ಬಂದ ಮೇಲೆ ಮೂರನೆಯವನಾಗಿ ಬಾಸ್ ವಾದಕ ಗ್ಯಾರಿ ಪೀಕಾಕ್ ಕೂಡಿಕೊಂಡನು. ಇತ್ತ ಬರ್ನಾರ್ಡ್ ಸ್ಟೋಲ್ಮನ್ ಎಂಬ ವಕೀಲನು ಹಾರ್ಲೆಮ್‌ನಲ್ಲಿ ಐಲರನನ್ನು ಕೇಳಿ ಮಾರುಹೋದನು. ಈ ಮಹಾಶಯನಿಗೆ ಎಸ್ಪೆರಾಂಟೋ ಎಂಬ ವಿಶ್ವಭಾಷೆಯ ಹುಚ್ಚು. ತನ್ನ ಇ.ಎಸ್.ಪಿ. ಡಿಸ್ಕ್ ಸಂಸ್ಥೆಯಿಂದ ಮೊದಲು ಹೊರಡಿಸಿದ್ದೂ ಆ ಭಾಷೆಯ ಹಾಡುಗಳನ್ನೇ. ಅವನ ಆಹ್ವಾನದ ಮೇರೆಗೆ ೧೯೬೪ನೆಯ ಜುಲೈ ೧೦ರಂದು ಮೂವರೂ ನ್ಯೂಯಾರ್ಕಿನ ಒಂದು ಚಿಕ್ಕ ಸ್ಟುಡಿಯೋದಲ್ಲಿ ಸೇರಿದರು. ನಾಲ್ಕು ರಚನೆಗಳು, ಒಟ್ಟು ಅರ್ಧ ಗಂಟೆಗೂ ತುಸು ಕಡಿಮೆ. ಅದೇ 'ಸ್ಪಿರಿಚುಯಲ್ ಯೂನಿಟಿ'.

ಇದನ್ನು ವಿದ್ಯಾರ್ಥಿನಿಲಯದಲ್ಲಿ ಹಾಕಿದಾಗ ನನ್ನ ಕೊಠಡಿಯ ಗೆಳೆಯನು ಮೊಬೈಲ್ ಕೆಟ್ಟಿತೇ ಎಂದು ವಿಚಾರಿಸಿದನು. ಆತನದೇನೂ ತಪ್ಪಿಲ್ಲ. ಆದರೆ 'ಘೋಸ್ಟ್ಸ್' ಎಂಬ ರಚನೆಯ ಮೊದಲ ಅರ್ಧ ನಿಮಿಷವನ್ನು ಗಮನವಿಟ್ಟು ಕೇಳಿರಿ. ಮಕ್ಕಳು ಕುಣಿಯುತ್ತ ಹಾಡಬಹುದಾದಷ್ಟು ಸರಳವಾದ ರಾಗವದು. ಚರ್ಚಿನ ಹಾಡು, ಮೆರವಣಿಗೆಯ ಬ್ಯಾಂಡು ಎರಡರ ನೆನಪೂ ಅದರಲ್ಲಿದೆ. ಆ ರಾಗವನ್ನು ಐಲರನು ಹಿಗ್ಗಿಸುತ್ತಾನೆ, ಹರಿಯುತ್ತಾನೆ, ಅರಚಿಸುತ್ತಾನೆ. ಕೊನೆಗೆ ಅದೇ ರಾಗಕ್ಕೆ ಮರಳುತ್ತಾನೆ. ಪೀಕಾಕನು ಆತನ ಹಿಂದೆ ನಡೆಯುವುದಿಲ್ಲ, ಪಕ್ಕದಲ್ಲಿ ತನ್ನದೇ ಮಾತಾಡುತ್ತಾನೆ. ಮರೆಯ ತಾಳಗಳು ಇಬ್ಬರನ್ನೂ ಮಂಜಿನಂತೆ ಸುತ್ತಿಕೊಳ್ಳುತ್ತವೆ. ಸ್ಟಾಕ್‌ಹೋಮಿನಲ್ಲಿ ಗದ್ದೆಗಿಳಿದು ಒಬ್ಬನೇ ಅಲೆದವನಿಗೆ ಇಲ್ಲಿ ಜೊತೆ ಸಿಕ್ಕಿದೆ. ಎರಡು ವರ್ಷಗಳ ಮುದ್ರಿಕೆಗಳನ್ನು ಕ್ರಮವಾಗಿ ಕೇಳಿದವರಿಗಷ್ಟೇ ಇದರ ಬೆಲೆ ತಿಳಿದೀತು. ಆದುದರಿಂದ ಕೊನೆಯದರಿಂದ ಆರಂಭಿಸಬಾರದೆಂದು ನನ್ನ ಸಲಹೆ.

ಮುಂದಿನದು ಬೇಗ ಮುಗಿಯುವ ಕಥೆ. ೧೯೬೫ರಲ್ಲಿ ತಮ್ಮ ಡೊನಾಲ್ಡ್ ಟ್ರಂಪೆಟ್ ಹಿಡಿದು ಮೇಳ ಸೇರಿದನು. ಜಾನ್ ಕೋಲ್ಟ್ರೇನನಂಥ ಹಿರಿಯನು ಈ ಕಿರಿಯನಿಂದ ಕಲಿಯಲು ಹಿಂಜರಿಯಲಿಲ್ಲ. ಇಂಪಲ್ಸ್ ಎಂಬ ದೊಡ್ಡ ಸಂಸ್ಥೆಯ ಬಾಗಿಲು ತೆರೆಯಲೂ ನೆರವಾದನು. ೧೯೬೭ರ ಜುಲೈಯಲ್ಲಿ ಕೋಲ್ಟ್ರೇನನು ತೀರಿಕೊಂಡಾಗ ಅಂತ್ಯಕ್ರಿಯೆಯಲ್ಲಿ ಐಲರನು ತನ್ನ ಮೇಳದೊಡನೆ ನುಡಿಸಿದನು. ಅನಂತರ ತಮ್ಮನ ಮನಸ್ಸು ಅಸ್ವಸ್ಥವಾಯಿತು. ಹಣವಂತೂ ಎಂದೂ ಕೈಯಲ್ಲಿ ನಿಲ್ಲಲಿಲ್ಲ. ಜನಪ್ರಿಯ ಧಾಟಿಯಲ್ಲಿ ಮಾಡಿದ 'ನ್ಯೂ ಗ್ರಾಸ್' ಹಳೆಯ ಅಭಿಮಾನಿಗಳಿಗೂ ರುಚಿಸಲಿಲ್ಲ, ನನಗೂ ರುಚಿಸಲಿಲ್ಲ. ೧೯೭೦ರ ಜುಲೈಯಲ್ಲಿ ದಕ್ಷಿಣ ಫ್ರಾನ್ಸಿನ ಸೇಂಟ್ ಪಾಲ್ ದ ವಾಂಸ್‌ನಲ್ಲಿ ನಡೆದ ಕಚೇರಿಗಳಿಗೆ ಮಾತ್ರ ಶ್ರೋತೃಗಳು ಮನಸಾರೆ ಚಪ್ಪಾಳೆಯಿಕ್ಕಿದರು. ಅದೇ ವರ್ಷ ನವೆಂಬರ್ ೨೫ರಂದು ನ್ಯೂಯಾರ್ಕಿನ ಈಸ್ಟ್ ನದಿಯಲ್ಲಿ, ಕೆಲವು ವಾರಗಳಿಂದ ಕಾಣೆಯಾಗಿದ್ದ ಐಲರನ ದೇಹ ಸಿಕ್ಕಿತು. ಆ ಸಾವಿನ ಸುತ್ತ ಬೆಳೆದ ಕಥೆಗಳನ್ನು ಇಲ್ಲಿ ಹೇಳುವುದು ಉಚಿತವಲ್ಲ.

೨೦೦೪ರಲ್ಲಿ ಆತನ ಚದುರಿಹೋಗಿದ್ದ ಟೇಪುಗಳನ್ನೆಲ್ಲ ಕಲೆಹಾಕಿ ಒಂದು ಪೆಟ್ಟಿಗೆಯಲ್ಲಿ ಹೊರತಂದರು. ಒಂಬತ್ತು ಸಿ.ಡಿ.ಗಳ ಜೊತೆಗೆ ಅದರಲ್ಲಿ ಇನ್ನೊಂದು ಚಿಕ್ಕ ಸಿ.ಡಿ. ಇದೆ. ೧೯೬೦ರಲ್ಲಿ ಫ್ರಾನ್ಸಿನಲ್ಲಿ ಸೈನ್ಯದ ಬ್ಯಾಂಡು ನುಡಿಸಿದ್ದನ್ನು ಅದರಲ್ಲಿ ಕೇಳಬಹುದು. ಸಾಲಿನಲ್ಲಿ ಕುಳಿತ ವಾದಕರಲ್ಲೊಬ್ಬನು ಸಿಪಾಯಿ ಐಲರ್.