ಡಬ್ಲ್ಯೂ. ಎಫ್. ಸ್ಮೀತ್

ಡಬ್ಲ್ಯೂ. ಎಫ್. ಸ್ಮೀತ್ ಅವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯನ್ನು ಸುಮಾರು ಎರಡು ದಶಕಗಳ ಕಾಲ ಮುನ್ನಡೆಸಿದ ಭೂವಿಜ್ಞಾನಿ. ಬಾಬಾಬುಡನಗಿರಿಯ ಶಿಲೆಗಳಲ್ಲಿ ದೊರೆತ ನೀಲವರ್ಣದ ಖನಿಜವೊಂದನ್ನು 1908ರಲ್ಲಿ ವಿವರಿಸಿ, ಅದಕ್ಕೆ ಬಾಬಾಬುಡನೈಟ್ ಎಂದು ಹೆಸರಿಟ್ಟವರು ಇವರೇ. ಚಿತ್ರದುರ್ಗ ಸೀಮೆಯ ಶಿಲೆಗಳ ಉಗಮವನ್ನು ಕುರಿತ ಇವರ ಸಿದ್ಧಾಂತವು ದೀರ್ಘಕಾಲದ ವಿವಾದಕ್ಕೆ ಕಾರಣವಾಯಿತು.

ಆರಂಭಿಕ ಕೆಲಸ

ಸ್ಮೀತ್ ಅವರು ಭಾರತಕ್ಕೆ ಬರುವ ಮೊದಲು ಆಸ್ಟ್ರೇಲಿಯಾದ ಸಿಡ್ನಿಯಲ್ಲಿದ್ದರು. ನಾರ್ವೆಯ ಬೋರ್ಕ್‌ಗ್ರೆವಿಂಕ್ ಅವರು ಅಂಟಾರ್ಕ್ಟಿಕದಿಂದ ತಂದ ಶಿಲಾ ಮಾದರಿಗಳನ್ನು ಎಜ್‌ವರ್ತ್ ಡೇವಿಡ್ ಮತ್ತು ಸ್ಕೋಫೀಲ್ಡ್ ಅವರೊಡನೆ ಪರೀಕ್ಷಿಸಿ ವರದಿ ಮಾಡಿದರು. ಸೂಕ್ಷ್ಮದರ್ಶಕದ ಮೂಲಕ ಶಿಲೆಗಳನ್ನು ಗುರುತಿಸುವ ಈ ಅನುಭವ ಮುಂದೆ ಮೈಸೂರಿನಲ್ಲಿ ಅವರ ಕೈಹಿಡಿಯಿತು.

ಮೈಸೂರಿನಲ್ಲಿ

ಮೈಸೂರು ಭೂವಿಜ್ಞಾನ ಇಲಾಖೆ ಸ್ಥಾಪನೆಯಾದದ್ದು 1894ರಲ್ಲಿ. ಅದರ ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. ಅವರ ನಂತರ ಹೊಣೆ ಹೊತ್ತ ಸ್ಮೀತ್ ಅವರ ಕಾಲದಲ್ಲಿ ಸಂಸ್ಥಾನದ ಭೂವೈಜ್ಞಾನಿಕ ನಕ್ಷೆ ಸಿದ್ಧವಾಯಿತು. ಮೈಸೂರಿನ ಭೂವೈಜ್ಞಾನಿಕ ಇತಿಹಾಸದ ರೂಪರೇಖೆಯನ್ನು ಅವರು 1916ರಲ್ಲಿ ಪ್ರಕಟಿಸಿದರು. ಅದೇ ವರ್ಷ ಪಿ. ಸಂಪತ್ ಅಯ್ಯಂಗಾರ್ ಅವರೊಡನೆ ಬರೆದ ಖನಿಜ ಸಂಪತ್ತಿನ ಗ್ರಂಥವೂ ಹೊರಬಂದಿತು.

ಬಾಬಾಬುಡನೈಟ್

ಚಿಕ್ಕಮಗಳೂರು ಜಿಲ್ಲೆಯ ಬಾಬಾಬುಡನಗಿರಿಯಲ್ಲಿ ಕಬ್ಬಿಣದ ಅಂಶವುಳ್ಳ ಪಟ್ಟೆಶಿಲೆಗಳಿವೆ. ಇವುಗಳಲ್ಲಿ ದೊರೆತ ಖನಿಜವು ಆಂಫಿಬೋಲ್ ಗುಂಪಿಗೆ ಸೇರಿದ್ದೆಂದು ಸ್ಮೀತ್ ಗುರುತಿಸಿದರು. ಧ್ರುವೀಕೃತ ಬೆಳಕಿನಲ್ಲಿ ಹರಳನ್ನು ತಿರುಗಿಸಿದಾಗ ಅದರ ಬಣ್ಣ ನೀಲಿ, ನೇರಳೆ ಛಾಯೆಗಳ ನಡುವೆ ಬದಲಾಗುತ್ತದೆ. ಅದರಲ್ಲಿ ಕ್ಷಾರಲೋಹವಾದ ಸೋಡಿಯಂ ಇದೆ. ಕ್ಷಾರೀಯ ಅಗ್ನಿಶಿಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ರೀಬೆಕೈಟಿಗೆ ಇದು ಹತ್ತಿರದ ಬಂಧು. ಆದರೆ ಇದರಲ್ಲಿ ಮೆಗ್ನೀಸಿಯಂ ಹೆಚ್ಚು.

ಅಂತರರಾಷ್ಟ್ರೀಯ ಖನಿಜವಿಜ್ಞಾನ ಸಂಘವು 1978ರಲ್ಲಿ ಆಂಫಿಬೋಲ್‌ಗಳ ನಾಮಕರಣವನ್ನು ಪರಿಷ್ಕರಿಸಿದಾಗ, ರಾಸಾಯನಿಕ ಸಂಯೋಜನೆಯನ್ನೇ ಹೆಸರಿಗೆ ಆಧಾರವಾಗಿ ಇಟ್ಟುಕೊಂಡಿತು. ಅದರಂತೆ ಬಾಬಾಬುಡನೈಟ್ ಪ್ರತ್ಯೇಕ ಖನಿಜವೆನಿಸದೆ ಮೆಗ್ನೀಸಿಯೋ-ರೀಬೆಕೈಟಿನಲ್ಲಿ ಸೇರಿಹೋಯಿತು. ಹಳೆಯ ಗ್ರಂಥಗಳಲ್ಲಿ ಮೊದಲಿನ ಹೆಸರೇ ಉಳಿದಿದೆ.

ಚಿತ್ರದುರ್ಗದ ಶಿಲೆಗಳು ಮತ್ತು ವಿವಾದ

ಗದಗದಿಂದ ಶ್ರೀರಂಗಪಟ್ಟಣದವರೆಗೆ ಸುಮಾರು 450 ಕಿ.ಮೀ. ಹಬ್ಬಿರುವ ಷಿಸ್ಟ್ ಶಿಲೆಗಳ ಪಟ್ಟಿಯು ಚಿತ್ರದುರ್ಗ ಜಿಲ್ಲೆಯನ್ನು ಹಾದುಹೋಗುತ್ತದೆ. ಇಂತಹ ಶಿಲೆಗಳಿಗೆ ಫೂಟ್ ಅವರು ಧಾರವಾಡ ವ್ಯವಸ್ಥೆ ಎಂದು ಹೆಸರಿಟ್ಟು, ಇವುಗಳಲ್ಲಿ ನೀರಿನಡಿ ಸಂಚಯವಾದ ಪದರಗಳಿವೆಯೆಂದು ತಿಳಿದಿದ್ದರು. ಸ್ಮೀತ್ ಇದನ್ನು ಒಪ್ಪಲಿಲ್ಲ. ಧಾರವಾಡ ಶಿಲೆಗಳೆಲ್ಲವೂ ಮೂಲತಃ ಅಗ್ನಿಶಿಲೆಗಳೇ ಎಂಬುದು ಅವರ ನಿಲುವು. ಕಬ್ಬಿಣದ ಪಟ್ಟೆಶಿಲೆಗಳು ಆಂಫಿಬೋಲ್ ಶಿಲೆಗಳ ಮಾರ್ಪಾಡಿನಿಂದ ಆದವೆಂದು ಅವರು ವಾದಿಸಿದರು. ಬಾಬಾಬುಡನೈಟಿನ ಇರುವಿಕೆಯನ್ನು ಇದಕ್ಕೆ ಆಧಾರವಾಗಿ ಕಂಡರು. ಉರುಟುಕಲ್ಲುಗಳು ಕೂಡಿಕೊಂಡಿರುವ ಕಾಂಗ್ಲಾಮರೇಟ್ ಶಿಲೆಗಳು ಕೂಡ ಭೂಚಲನೆಯ ಒತ್ತಡದಿಂದ ಬಂಡೆಗಳು ಒಡೆದು, ಉರುಳಿ ಆದವುಗಳೆಂದು ಅವರ ವಿವರಣೆ.

ಹೊಳಲ್ಕೆರೆ ತಾಲ್ಲೂಕಿನ ತಾಳ್ಯ, ಹಿರಿಯೂರು ತಾಲ್ಲೂಕಿನ ಐಮಂಗಲ ಮುಂತಾದೆಡೆಗಳ ಕಾಂಗ್ಲಾಮರೇಟ್‌ಗಳು ಈ ಚರ್ಚೆಯಲ್ಲಿ ಮುಖ್ಯವಾದವು. ಅವು ನಿಜವಾಗಿ ನೀರು ಹೊತ್ತು ತಂದ ಕಲ್ಲುಗಳಾದರೆ ಸ್ಮೀತ್ ಅವರ ಸಿದ್ಧಾಂತ ನಿಲ್ಲುವಂತಿರಲಿಲ್ಲ. ಶಿಲೆಗಳಲ್ಲಿ ಅಲೆಯ ಗುರುತುಗಳು, ಪ್ರವಾಹದಿಂದಾದ ಓರೆಪದರಗಳು ಕಂಡುಬಂದವು. ಸಿ. ಎಸ್. ಪಿಚ್ಚಮುತ್ತು ಅವರು 1935ರಲ್ಲಿ ಕಲ್ದುರ್ಗದ ಕಾಂಗ್ಲಾಮರೇಟ್‌ಗಳನ್ನು ಕುರಿತು ಬರೆದರು. ಬಿ. ರಾಮರಾವ್ ಅವರು 1940ರ ತಮ್ಮ ಗ್ರಂಥದಲ್ಲಿ ಧಾರವಾಡ ಶಿಲೆಗಳನ್ನು ಮರುವಿಂಗಡಿಸಿದರು. ಜಲಜ ಶಿಲೆಗಳೂ ಲಾವಾ ಶಿಲೆಗಳೂ ಇಲ್ಲಿ ಒಟ್ಟಿಗಿವೆ ಎಂಬ ಅಭಿಪ್ರಾಯ ನೆಲೆಯೂರಿತು. ಜಿಲ್ಲೆಯ ಮರಡಿಹಳ್ಳಿಯ ದಿಂಬು ಲಾವಾವು ಅಗ್ನಿಮೂಲದ ಶಿಲೆಗೆ ಉತ್ತಮ ನಿದರ್ಶನ. ಅದೀಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಕೊಡುಗೆ

ಸ್ಮೀತ್ ಅವರ ಸಿದ್ಧಾಂತ ಬಿದ್ದುಹೋದರೂ ಅವರು ಬಳಕೆಗೆ ತಂದ ಶಿಲಾನಾಮಗಳು ಉಳಿದಿವೆ. ಪೆನಿನ್ಸುಲಾರ್ ನೈಸ್ ಎಂಬ ಹೆಸರು ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಕೋಲಾರದ ಚಿನ್ನದ ಗಣಿಯಿಂದ ಚಾಂಪಿಯನ್ ನೈಸ್, ಇಂದಿನ ರಾಮನಗರವಾದ ಕ್ಲೋಸ್‌ಪೇಟೆಯಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹೆಸರುಗಳು ಬಂದವು. ಊರಿನ ಹೆಸರು ಬದಲಾದರೂ ಗ್ರಾನೈಟಿನ ಹೆಸರು ಬದಲಾಗಿಲ್ಲ. ಅವರ ಅಭಿಪ್ರಾಯಗಳನ್ನು ತಿದ್ದಿದವರಲ್ಲಿ ಅದೇ ಇಲಾಖೆಯಲ್ಲಿ ದುಡಿದ ಕನ್ನಡನಾಡಿನ ಭೂವಿಜ್ಞಾನಿಗಳೂ ಇದ್ದರು ಎಂಬುದು ಗಮನಾರ್ಹ.